ಗಂಟಲು ಡಾಕ್ಟರು

ತೊಟ್ಟು, ಮತ್ತೊಂದು ತೊಟ್ಟು — ಎಲ್ಲೋ ಒಂದು ನಲ್ಲಿ ಇನ್ನೂ ಸರಿಯಾಗಿ ನಿಂತಿಲ್ಲ, ಈ ಕಾರಿಡಾರಿನ ನಲ್ಲಿಗಳನ್ನೆಲ್ಲ ಬೆಳಿಗ್ಗೆಯಿಂದ ನಾನೇ ತಿರುಗಿಸಿ ಬಿಗಿ ಮಾಡಿದ್ದೇನೆ, ಅಂಗೈ ಉರಿಯುತ್ತಿದೆ, ಆದರೂ ಒಂದು ಹಟ ಹಿಡಿದು ತೊಟ್ಟಿಕ್ಕುತ್ತಿದೆ, ಆ ಸದ್ದು ಕೊನೆಯ ಕೋಣೆಯೊಳಗೆ ಹೋಗಬಾರದು, ಹೋದರೆ ಅವರ ಕುತ್ತಿಗೆ ಹಗ್ಗದಂತೆ ಬಿಗಿಯುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ, ಮಂಚದ ಕಂಬಿ ಗಡಗಡ ಅನ್ನುತ್ತದೆ, ಅವರೆದುರಿಗೆ ನೀರು ತರಬೇಡಿ ಅಮ್ಮ, ನೀರು ಅಂತ ಬಾಯಲ್ಲೂ ಅನ್ನಬೇಡಿ ಅಂದಿದ್ದಾಳೆ ನರ್ಸ್, ಫ್ಯಾನೂ ಹಾಕಬೇಡಿ, ಗಾಳಿ ಮುಖಕ್ಕೆ ತಾಗಬಾರದು — ನೀರು ಬೇಡ, ಗಾಳಿ ಬೇಡ, ಇನ್ನೇನು ಉಳಿಯಿತು ಮನುಷ್ಯನಿಗೆ, ಅದೂ ಈ ನನ್ನ ಗಂಡನಿಗೆ, ಸ್ನಾನಕ್ಕೆ ಹೋದರೆ ಎಮ್ಮೆ ಕೆರೆಗಿಳಿದ ಹಾಗೆ, ಹೊರಗೆ ಬರುವ ಮಾತೇ ಇಲ್ಲ, ರೀ, ನೀರು ಮುಗೀತು, ಬನ್ರೀ ಅಂತ ನಾನು ಬಾಗಿಲು ಬಡಿಯಬೇಕು, ಮುಗಿದ್ರೆ ಇನ್ನೊಂದು ಬಕೆಟ್ ತಗೊಂಬಾರೇ ಅಂತ ಒಳಗಿಂದ ರಾಗ — ಸಿಕ್ಕಿತು, ಇದೇ, ನೆಲ ಒರೆಸುವ ಬಟ್ಟೆ ತೊಳೆಯುವ ಮೂಲೆಯ ನಲ್ಲಿ, ಒಳಗಿನ ವಾಷರ್ ಸವೆದಿದೆ, ಎಷ್ಟು ತಿರುಗಿಸಿದರೂ ನಿಲ್ಲುವುದಿಲ್ಲ, ಕರ್ಚೀಫು ಮಡಿಸಿ ತೊಟ್ಟು ಬೀಳುವ ಜಾಗದಲ್ಲಿ ಇಟ್ಟೆ, ಬಟ್ಟೆಯ ಮೇಲೆ ಬಿದ್ದರೆ ಸದ್ದಾಗುವುದಿಲ್ಲ. ಈಗ ಕೇಳಿಸುತ್ತಿಲ್ಲ.

ಬಾಯಿಬಡುಕಿ ಅಂತ ಬೀದಿಯೆಲ್ಲ ಹೆಸರಾದವಳು ನಾನು, ಹಾಲಿನ ಲೆಕ್ಕ ತಪ್ಪಿದರೆ ನನ್ನ ದನಿ ಮೂರು ಮನೆ ದಾಟುತ್ತದೆ, ಈಗ ಚಪ್ಪಲಿಯನ್ನೂ ಬಿಟ್ಟು ಕಾಲ ತುದಿಯಲ್ಲಿ ನಡೆಯುತ್ತಿದ್ದೇನೆ, ಮಾತು ಪಿಸುಗುಟ್ಟುತ್ತೇನೆ, ಬೆಳಿಗ್ಗೆ ಅವರೇ ನಕ್ಕರು, ಇಷ್ಟು ವರ್ಷಕ್ಕೆ ಇವತ್ತು ನಿನ್ನ ಬಾಯಿ ತಗ್ಗಿತಲ್ಲೇ, ಮೊದ್ಲೇ ಗೊತ್ತಿದ್ದಿದ್ರೆ ಯಾವಾಗಲೋ ಬಂದು ಮಲಗ್ತಿದ್ದೆ — ನಡುವೆ ಹೀಗೆ ಪೂರ್ತಿ ಅವರಾಗಿಯೇ ಇರುತ್ತಾರೆ, ಅದೇ ನನ್ನನ್ನು ಕೊಲ್ಲುವುದು, ಜ್ವರದಲ್ಲಿ ಏನೇನೋ ಬಡಬಡಿಸಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ, ಎಲ್ಲ ತಿಳಿಯುತ್ತದೆ ಅವರಿಗೆ, ಬಾಯಾರಿಕೆಯೂ ತಿಳಿಯುತ್ತದೆ, ನುಂಗಲು ಮಾತ್ರ ಆಗುವುದಿಲ್ಲ, ಬಾಯಲ್ಲಿ ಬಿಸಿ ತುಪ್ಪ ಅಂತಾರಲ್ಲ, ಉಗುಳೋಕೂ ಆಗದು ನುಂಗೋಕೂ ಆಗದು, ಆ ಗಾದೆಯನ್ನು ಎಷ್ಟು ಸಲ ಯಾರ್ಯಾರಿಗೋ ಹೇಳಿ ನಕ್ಕಿದ್ದೇನೆ — ಮೊನ್ನೆ ಕಾಫಿ ಲೋಟ ತುಟಿಗೆ ಹಿಡಿದು ಹಾಗೇ ಕೆಳಗಿಟ್ಟರು, ಸಕ್ಕರೆ ಕಮ್ಮಿ ಆಯ್ತೇನ್ರೀ ಅಂದೆ, ಇಲ್ಲ ಕಣೇ, ಗಂಟಲು ಯಾಕೋ ಒಪ್ತಿಲ್ಲ, ನಿನ್ನೆ ನೀರಿನ ಲೋಟ ಕಂಡೇ ಹಿಂದಕ್ಕೆ ಸರಿದರು, ಇಲ್ಲಿಗೆ ಕರೆತಂದೆ, ಡಾಕ್ಟರು ಚಿಕ್ಕ ವಯಸ್ಸಿನವರು, ನಾಯಿ ಕಚ್ಚಿತ್ತಾ ಅಮ್ಮ ಅಂದರು, ಇಲ್ಲ ಡಾಕ್ಟ್ರೇ, ಬೆಕ್ಕು, ಇಲ್ಲ, ಹೋದ ವರ್ಷ, ಅದರ ಹಿಂದಿನ ವರ್ಷ, ನಾಯಿಮರಿ ಪರಚಿದ್ದು, ಇಲ್ಲ ಇಲ್ಲ, ನಮ್ಮನೇಲಿ ನಾಯೀನೇ ಇಲ್ಲ, ನಮ್ಮದು ಹಾಲಿನ ವ್ಯಾಪಾರ, ಇರೋದು ಹಸುಗಳು, ಹಸುಗಳು ಚೆನ್ನಾಗಿವೆಯಾ ಅಂದರು, ಎರಡು ಚೆನ್ನಾಗಿವೆ, ಒಂದು ಚಳಿಗೆ ಮುಂಚೆ ಹೋಯ್ತು, ಏನಾಗಿತ್ತು, ಗಂಟಲಲ್ಲಿ ಏನೋ ಸಿಕ್ಕೊಂಡಿತ್ತು ಡಾಕ್ಟ್ರೇ, ಜೊಲ್ಲು ಸುರಿಯೋದು, ನೀರಿಗೆ ಮೂತಿ ಇಡೋದು, ಕುಡಿಯೋಕಾಗದೆ — ಅಲ್ಲಿಗೆ ನನ್ನ ನಾಲಿಗೆ ತಾನಾಗಿ ನಿಂತಿತು. ಡಾಕ್ಟರ ಕೈಯಲ್ಲಿದ್ದ ಪೆನ್ನೂ ನಿಂತಿತ್ತು.

ದೊರೆಸಾನಿ ಅಂತ ಆ ಹಸುವಿಗೆ ಅವರೇ ಇಟ್ಟ ಹೆಸರು, ಕಂದು ಮೈ, ಕಣ್ಣಿಗೆ ಕಪ್ಪು ಅಂಚು, ತೊಟ್ಟಿಯಲ್ಲಿ ಹಳೆಯ ನೀರಿದ್ದರೆ ಮೂಸಿ ಕೂಡ ನೋಡಳು, ಮನೇಲಿ ಇಬ್ಬರು ದೊರೆಸಾನಿಯರು, ಒಬ್ಬಳು ಹಾಲಾದ್ರೂ ಕೊಡ್ತಾಳೆ ಅನ್ನುತ್ತಿದ್ದರು, ಅಂಥವಳು ಒಂದು ಬೆಳಿಗ್ಗೆ ಮೇವು ಮುಟ್ಟಲಿಲ್ಲ, ಕೂಗಿದರೆ ದನಿ ಒಡೆದ ಹಾಗೆ, ಯಾರೋ ಗಂಡಸು ದೂರದಲ್ಲಿ ಅಳುತ್ತಿರುವ ಹಾಗೆ, ನಿಲ್ಲಿಸದೆ ಕೂಗುವುದು, ಬಾಯಿಂದ ಜೊಲ್ಲು ನೂಲಾಗಿ ನೆಲ ಮುಟ್ಟುವುದು, ತೊಟ್ಟಿಗೆ ಮೂತಿ ಅದ್ದಿ ನನ್ನನ್ನೇ ನೋಡಿದಳು, ಯಾಕೆ ಆಗ್ತಿಲ್ಲ ಅಂತ ನನ್ನನ್ನು ಕೇಳಿದ ಹಾಗೆ, ಪಕ್ಕದ ಮನೆಯ ಟೈಲರ್ ಬೇಲಿಯಾಚೆಯಿಂದ, ಗಂಟಲಲ್ಲಿ ಏನೋ ಸಿಕ್ಕೊಂಡಿದೆ, ನೋಡ್ರೀ ಗಂಟಲು ಡಾಕ್ಟ್ರೇ — ಆ ಬಿರುದು ಕೊಟ್ಟವನೂ ಅವನೇ, ಹಿಂದೆ ಅವನ ಕರು ಇಡೀ ಆಲೂಗಡ್ಡೆ ನುಂಗಿ ಕಣ್ಣು ಮೇಲೆ ಮಾಡಿದಾಗ ಇವರು ತೋಳು ಮಡಿಸಿ ಮೊಣಕೈವರೆಗೆ ಕೈ ಹಾಕಿ ಎಳೆದು ತಂದಿದ್ದರು, ಬೀದಿಗೆ ಬೀದಿಯೇ ನೋಡಿತ್ತು, ಆಲೂಗಡ್ಡೆ ತೊಳೆದು ಟೈಲರ್ ಕೈಗಿಟ್ಟು, ತಗೊಳ್ಳಿ, ಅಡುಗೆಗಾಗತ್ತೆ, ಕರು ಎದ್ದು ಓಡಿತು, ಅವತ್ತಿನಿಂದ ಗಂಟಲು ಡಾಕ್ಟರು, ದನದ ಡಾಕ್ಟರಿಗಿಂತ ಮೊದಲು ಇವರಿಗೇ ಕರೆ, ಇವರಿಗೂ ಅದೊಂದು ಗತ್ತು — ದೊರೆಸಾನಿಯ ಎದುರೂ ಅದೇ ಗತ್ತು, ತೋಳು ಮಡಿಸಿದರು, ಹಿಡ್ಕೊಳೇ ಮೂಗುದಾರನ, ನಾನು ಹಿಡಿದೆ, ಎಡಗೈಲಿ ನಾಲಿಗೆ ಪಕ್ಕಕ್ಕೆ ಎಳೆದು ಬಲಗೈ ಒಳಗೆ ಇಳಿಸಿದರು, ಅವಳು ಕಚ್ಚಲಿಲ್ಲ, ಪಾಪ, ದವಡೆ ಅಲುಗಿತು ಅಷ್ಟೆ, ಹಿಂದಿನ ಹಲ್ಲು ಬೆರಳ ಗಿಣ್ಣಿಗೆ ಸವರಿತು, ಅವರು ಒಳಗೆಲ್ಲ ತಡಕಿ ಕೈ ಹೊರಗೆ ತೆಗೆದರು, ಮೊಣಕೈವರೆಗೆ ಒದ್ದೆ, ನನ್ನ ಕಡೆ ತಿರುಗಿ ಐದೂ ಬೆರಳು ಬಿಡಿಸಿ ತೋರಿಸಿದರು, ಏನೂ ಇಲ್ಲ ಕಣೇ. ಗಿಣ್ಣಿನ ಹತ್ತಿರ ಚರ್ಮ ಕಿತ್ತಿತ್ತು, ಕೆಂಪು ಗೆರೆ, ಪ್ಯಾಂಟಿಗೆ ಒರೆಸಿಕೊಂಡರು, ನಾನು ಮುಲಾಮು ಹಚ್ಚಿ ಬಟ್ಟೆ ಕಟ್ಟಿದೆ.

ದೊರೆಸಾನಿಯ ಮೂತಿಯ ಮೇಲೆ ಉಗುರಿನಷ್ಟು ಒಣಗಿದ ಗಾಯವೊಂದಿತ್ತು, ಬೇಲಿಯ ತಂತಿ ಅಂದುಕೊಂಡಿದ್ದೆವು, ಹುಚ್ಚು ಹಿಡಿದ ನಾಯಿಯೋ ನರಿಯೋ ಕಚ್ಚಿರಬೇಕು ಅನ್ನುತ್ತಾರೆ ಈಗ ಡಾಕ್ಟರು, ಯಾವ ನಾಯಿ, ಯಾವಾಗ, ಮೇಯಲು ಹೋದಾಗ ಯಾರು ನೋಡಿದರು, ಅವಳಿಗೆ ಹೇಳಲು ಬಾಯಿಲ್ಲ — ಹೇಗೆ ಹೋಯಿತು ಡಾಕ್ಟ್ರೇ ಅದು, ಕೈಯಿಂದ ಗಂಟಲಿಗೆ, ಅಂತ ನಾನೇ ಕೇಳಿದೆ, ಕೇಳಬಾರದಿತ್ತು, ಮೊದಲು ಗಾಯದ ಹತ್ತಿರವೇ ಸುಮ್ಮನೆ ಕೂತಿರತ್ತಮ್ಮ, ವಾರಗಟ್ಟಲೆ, ಆಮೇಲೆ ನರ ಹಿಡಿದು ಮೇಲೆ ಹತ್ತತ್ತೆ, ತೋಳು, ಭುಜ, ಕುತ್ತಿಗೆ, ತಲೆಗೆ ಮುಟ್ಟೋವರೆಗೆ ನೋವಿಲ್ಲ ಏನಿಲ್ಲ, ಅಷ್ಟರೊಳಗೆ ಸೂಜಿ ಹಾಕಿದ್ರೆ ತಡೀಬಹುದಿತ್ತು — ಅಷ್ಟರೊಳಗೆ, ಅಷ್ಟರೊಳಗೆ ನಾವು ಏನು ಮಾಡುತ್ತಿದ್ದೆವು, ಅದು ಗಿಣ್ಣಿನಲ್ಲಿ ಕೂತಿದ್ದಾಗ ದೊರೆಸಾನಿಗೆ ಗುಂಡಿ ತೋಡಿದರು, ಕೊಟ್ಟಿಗೆಯ ಹಿಂದೆ ಹೋಗಿ ಅತ್ತು ಬಂದು ಕಣ್ಣಿಗೆ ಧೂಳು ಬಿತ್ತು ಅಂದರು, ಅದು ಮಣಿಕಟ್ಟಿಗೆ ಬಂದಾಗ ಮಗಳು ರಜಕ್ಕೆ ಬಂದಿದ್ದಳೇನೋ, ಅಪ್ಪ ಮಗಳು ಊಟದ ಮೇಜಿನ ಮೇಲೆ ಮೊಣಕೈ ಊರಿ ಪಂಜಾ ಹಿಡಿದರು, ಅದೇ ಬಲಗೈ, ಸೋತ ನಾಟಕ ಮಾಡಿ, ಅಯ್ಯೋ ನಮ್ಮಮ್ಮ, ಕೈ ಮುರೀತು, ಇವಳಿಗೆ ಏನು ತಿನ್ನಿಸ್ತಿದೀಯೇ — ಮೊಣಕೈಯಲ್ಲಿದ್ದಾಗ ಕಿಟಕಿಗೆ ಬಣ್ಣ ಬಳಿದರು, ನನಗೆ ಹಸಿರು ಬೇಕಿತ್ತು, ಕಡ್ಡಿ ಗುಡ್ಡ ಮಾಡಿ ಜಗಳವಾಡಿದೆ, ಒಂದಿಡೀ ಸಂಜೆ ಮಾತು ಬಿಟ್ಟೆ, ಒಂದಿಡೀ ಸಂಜೆ ಹಾಳು ಮಾಡಿದೆ, ಅದು ಮಾತ್ರ ಜಗಳವಿಲ್ಲದೆ ತಣ್ಣಗೆ ತನ್ನ ದಾರಿ ನಡೆಯುತ್ತಿತ್ತು — ಮತ್ತೆ ಭುಜ, ಭುಜದಲ್ಲಿದ್ದಾಗ ಇರಬೇಕು ನಾವು ಬಸ್ಸಿನಲ್ಲಿ ಮಗಳ ಊರಿಗೆ ಹೋದದ್ದು, ನನಗೆ ಬಸ್ಸು ಹತ್ತಿದರೆ ನಿದ್ದೆ, ದಾರಿಯುದ್ದಕ್ಕೂ ಅವರ ಬಲಭುಜದ ಮೇಲೆ ತಲೆಯಿಟ್ಟು ಮಲಗಿದ್ದೆ, ಇಳಿದ ಮೇಲೆ ಅಂಗಿ ತೋರಿಸಿ, ನೋಡು, ಇಲ್ಲೂ ಒಬ್ಬಳು ಜೊಲ್ಲು ಸುರಿಸಿದಾಳೆ ಅಂದರು, ನಕ್ಕೆವು, ನನ್ನ ಕೆನ್ನೆಯ ಕೆಳಗೇ ಅದು ಹಾದುಹೋಗಿದೆ, ನನಗೆ ಎಚ್ಚರವಾಗಲಿಲ್ಲ. ಹೋದ ವಾರ ಗಿಣ್ಣು ಕೆರೆದುಕೊಳ್ಳುತ್ತಿದ್ದರು, ಕೈ ಜುಮುಜುಮು ಅಂತಿದೆ ಕಣೇ, ವಯಸ್ಸಾಯ್ತು ರೀ ಅಂದೆ.

ಈಗ ನನ್ನ ತೋಳು ನೋಯುತ್ತಿದೆ, ನಿನ್ನೆ ಸೂಜಿ ಚುಚ್ಚಿದ ಜಾಗ, ನನಗೆ, ಟೈಲರ್‌ಗೆ, ಹಸುವಿನ ಬಾಯಿ ಮುಟ್ಟಿದವರಿಗೆಲ್ಲ ಸಾಲಾಗಿ ಚುಚ್ಚಿದರು, ಟೈಲರ್ ಸೂಜಿ ಹಿಡಿದೇ ಬದುಕಿದವನು, ಸೂಜಿ ಕಂಡು ಮಗುವಿನಂತೆ ಅತ್ತ, ನಾನೇ ಅಲ್ವಾ ಅಕ್ಕಾ ಕೂಗಿದ್ದು, ನಾನೇ ಅಲ್ವಾ ಗಂಟಲು ಅಂದಿದ್ದು, ಸುಮ್ಮನಿರಪ್ಪ ಅಂದೆ, ಮೂಗುದಾರ ಹಿಡಿದವಳು ನಾನು, ಯಾರನ್ನು ಬೈಯಲಿ — ಡಾಕ್ಟರು ಇನ್ನೊಂದು ಮಾತು ಹೇಳಿದರು, ಅದು ಎದೆಯಲ್ಲಿ ಮುಳ್ಳಾಗಿ ಕೂತಿದೆ, ನಾಯಿಯ ಬಾಯಲ್ಲಿ ಅದಕ್ಕೆ ಕೆಲಸ ಇದೆಯಮ್ಮ, ಇನ್ನೊಂದನ್ನ ಕಚ್ಚಿಸಿ ಮುಂದೆ ಹೋಗತ್ತೆ, ಹಸು, ಮನುಷ್ಯ ಇವೆಲ್ಲ ಅದಕ್ಕೆ ದಾರಿ ಮುಗಿದ ಓಣಿ, ಇಲ್ಲಿಂದ ಮುಂದಕ್ಕೆ ಅದು ಹೋಗೋದೇ ಇಲ್ಲ ಅನ್ನಬಹುದು — ಅಂದರೆ ದೊರೆಸಾನಿಯಿಂದ ಅದಕ್ಕೆ ಏನೂ ಸಿಗಲಿಲ್ಲ, ಇವರಿಂದಲೂ ಏನೂ ಸಿಗುವುದಿಲ್ಲ, ಹಸಿದು ತಿಂದಿದ್ದರೆ ಹಸಿವು ಅಂದುಕೊಳ್ಳುತ್ತಿದ್ದೆ, ಹಗೆಯಿದ್ದರೆ ಹಗೆ, ದಾರಿ ತಪ್ಪಿ ಬಂದ ಕಣ್ಣಿಲ್ಲದ ಕಾಲಿಲ್ಲದ ಒಂದು ಕಣ ನನ್ನ ಮನೆ ಮುರಿದು ತಾನೂ ಇಲ್ಲೇ ಸಾಯುತ್ತದೆ, ಯಾರಿಗೆ ಶಾಪ ಹಾಕಲಿ — ಫೋನು ನಡುಗುತ್ತಿದೆ, ಸದ್ದು ಆರಿಸಿಟ್ಟಿದ್ದೆ, ಮಗಳು, ಅಮ್ಮಾ ಬಸ್ಸು ಇನ್ನೂ ಸೇತುವೆ ಹತ್ತಿರಾನೂ ಬಂದಿಲ್ಲ, ಅಪ್ಪ ನೀರು ಕುಡಿದ್ರಾ, ಹ್ಞೂ ಪುಟ್ಟಿ, ಸ್ವಲ್ಪ ಕುಡಿದ್ರು, ಅಪ್ಪಂಗೆ ಹೇಳು ನಾನು ಬರೋವರೆಗೆ ಮಲಗಬಾರದು ಅಂತ, ಪಂಜಾ ಹಿಡಿಯೋದಿದೆ ಅಂತ, ಹೇಳ್ತೀನಿ ಅಂದೆ, ಗೋಡೆಗೆ ಹಣೆ ಕೊಟ್ಟು ನಿಂತೆ. ಮಲಗಬಾರದು ಅಂತೆ.

ಅವಳಿಗೆ ಗೊತ್ತಿಲ್ಲ, ಡಾಕ್ಟರು ಆಗಲೇ ಕೇಳಿಯಾಗಿದೆ, ಉಳಿಸೋಕಾಗಲ್ಲ ಅಮ್ಮ, ಆದ್ರೆ ಒದ್ದಾಟ ಕಡಿಮೆ ಮಾಡಬಹುದು, ನಿದ್ದೆ ಬರೋ ಹಾಗೆ ಮಾಡ್ತೀವಿ, ಆಮೇಲೆ ಮಾತಾಡಲ್ಲ, ಎದ್ದೇಳೋದೂ ಇಲ್ಲ ಅಂದ್ಕೊಳ್ಳಿ, ನೀವು ಹೂಂ ಅಂದ್ರೆ — ಮಗಳು ಬರೋವರೆಗೆ ತಡೀರಿ ಅಂದಿದ್ದೆ, ಅವರೂ ಅದನ್ನೇ ಅಂದರು, ಬರಲಿ ಕಣೇ, ಅವಳನ್ನ ನೋಡಿ ಮಲಗ್ತೀನಿ, ಆಮೇಲೆ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು, ಈ ಜೊಲ್ಲು ಒಂದು ಅವಳ ಕಣ್ಣಿಗೆ ಬೀಳಬಾರದು, ನೀನೂ ಹತ್ರ ಬರಬೇಡ, ದೊರೆಸಾನಿದೇ ಇದು, ಅಲ್ವೇನೇ — ಗೊತ್ತಾಗಿದೆ ಅವರಿಗೆ, ಯಾರೂ ಹೇಳದೆ ಗೊತ್ತಾಗಿದೆ, ದನದ ಜೊತೆ ಬದುಕಿದ ಮನುಷ್ಯ, ಅವಳು ತೊಟ್ಟಿಯಲ್ಲಿ ಮೂತಿಯಿಟ್ಟು ನಿಂತದ್ದನ್ನು ನೋಡಿದವರು, ನಾನು ನಲ್ಲಿ ನಿಲ್ಲಿಸಿ ಬರ್ತೀನಿ ಅಂತ ಎದ್ದು ಹೊರಗೆ ಬಂದೆ — ಈಗ ಮತ್ತೆ ಬಾಗಿಲಲ್ಲಿ ನಿಂತಿದ್ದೇನೆ, ಪರದೆ ಎಳೆದ ಕೋಣೆ, ಮಧ್ಯಾಹ್ನದ ಬಿಸಿಲು ಪರದೆಯ ಸಂದಿಯಲ್ಲಿ ಒಂದು ಗೆರೆ, ನರ್ಸ್ ನಿದ್ದೆಯ ಸೂಜಿಯಿಟ್ಟ ತಟ್ಟೆ ಹಿಡಿದು ನನ್ನ ಮುಖ ನೋಡುತ್ತಿದ್ದಾಳೆ, ಅವರು ಎದ್ದು ಕೂತಿದ್ದಾರೆ, ಕಂಬಿ ಹಿಡಿದ ಕೈ ಬಿಳಿಚಿದೆ, ರೀ, ಪುಟ್ಟಿ ಬರ್ತಿದಾಳೆ, ಸೇತುವೆ ದಾಟಿದಾಳೆ, ಸುಳ್ಳು ಹೇಳಿದೆ, ತಲೆಯಾಡಿಸಿದರು, ಕಾಯ್ತೀನಿ ಅನ್ನಲು ಹೊರಟರು, ಅಷ್ಟರಲ್ಲಿ ಹಿಡಿಯಿತು, ಕುತ್ತಿಗೆ ಬಿಗಿಯಿತು, ಎದೆ ಒಳಗೆ ಎಳೆಯಿತು, ದನಿ ಒಡೆಯಿತು, ಆ ದನಿ ನನಗೆ ಗೊತ್ತು, ಕೊಟ್ಟಿಗೆಯಲ್ಲಿ ಕೇಳಿದ ದನಿ, ಹಿಡಿತ ಬಿಟ್ಟ ಮೇಲೆ ನನ್ನನ್ನೇ ನೋಡಿದರು, ಬಾಯಿ ಅಗಲ ತೆರೆದರು, ಬೆರಳು ಗಂಟಲಿಗೆ ತೋರಿಸಿದರು, ಏನೋ ಸಿಕ್ಕೊಂಡಿದೆ ಕಣೇ, ಕೈ ಹಾಕು, ತೆಗಿ.

ತೆಗಿ ಅಂದರು — ಹತ್ತಿರ ಬರಬೇಡ ಅಂದವರೇ ತೆಗಿ ಅಂದರು, ಅಷ್ಟಾಗಿದೆ ಅವರಿಗೆ, ನನ್ನ ಕೈ ತಾನಾಗಿ ಎದ್ದಿತು, ಹೋಗುತ್ತಿತ್ತು, ಹಾಕುತ್ತಿದ್ದೆ, ನರ್ಸ್ ಮಣಿಕಟ್ಟು ಹಿಡಿದಳು, ಬೇಡಮ್ಮ, ಬೇಡ — ಪುಟ್ಟಿ, ನನ್ನನ್ನು ಬೈದುಕೋ, ಜೀವಮಾನವಿಡೀ ಬೈದುಕೋ, ನೀನು ಬರೋವರೆಗೆ ಇವರನ್ನ ಹೀಗೆ ಕೂರಿಸಿಡಲಾರೆ, ಹೂಂ ಅಂದೆ, ಕೊಡಿ ಅಂದೆ, ನರ್ಸ್ ತಟ್ಟೆ ಹಿಡಿದು ಮಂಚದ ಹತ್ತಿರ ಹೋದಳು, ಅವರು ಇನ್ನೂ ಬಾಯಿ ತೆರೆದೇ ಇದ್ದಾರೆ, ನನ್ನ ಕೈಯನ್ನೇ ನೋಡುತ್ತಿದ್ದಾರೆ, ನಾನು ಆ ಕಡೆ ನೋಡಲಾರೆ, ಕಣ್ಣು ಮುಚ್ಚಿದರೆ ಕೊಟ್ಟಿಗೆ, ಬಿಸಿಲು, ಮೂಗುದಾರ ನನ್ನ ಮುಷ್ಟಿಯಲ್ಲಿ, ಕೈ ಹೊರಗೆ ಬರುತ್ತಿದೆ, ಮೊಣಕೈವರೆಗೆ ಒದ್ದೆ, ನನ್ನ ಕಡೆ ತಿರುಗಿ ಐದೂ ಬೆರಳು ಬಿಡಿಸಿ ತೋರಿಸುತ್ತಿದ್ದಾರೆ, ಏನೂ ಇಲ್ಲ ಕಣೇ, ಖಾಲಿ ಕೈ, ಗಿಣ್ಣಿನ ಮೇಲೆ ಕೆಂಪು ಗೆರೆ, ಏನೂ ಇಲ್ಲ ಕಣೇ, ಐದೂ ಬೆರಳು, ಏನೂ ಇಲ್ಲ