ಸೀನೀರಿನ ಬಾಣಂತನ

ಮಡಿಲಕ್ಕಿಯ ಗಂಟು ಸೊಂಟಕ್ಕೆ ಒತ್ತಿಕೊಂಡು ಓಬಳಮ್ಮ ಕೊರಟಗೆರೆಯಲ್ಲಿ ಇದ್ದಿಲು ಬಸ್ಸಿನಿಂದ ಇಳಿದಾಗ ಮುಖವೆಲ್ಲ ಮಸಿ. ಯುದ್ಧ ಶುರುವಾದ ಮೇಲೆ ಪೆಟ್ರೋಲು ಕಾಣದೆ ಇದ್ದಿಲ ಹೊಗೆಯಲ್ಲೇ ಓಡುವ ಬಸ್ಸು ಅದು. ಏರು ಬಂದಲ್ಲೆಲ್ಲ ಜನ ಇಳಿದು ತಳ್ಳಿದ್ದರು. ಆದರೂ ಅವಳಿಗೆ ದಣಿವಿಲ್ಲ. ಮಗಳು ಅಶ್ವತ್ಥಮ್ಮನನ್ನು ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ತವರಿಗೆ ಕರೆದೊಯ್ಯಲು ಬಂದಿದ್ದಳು. ಬಲಸಮುದ್ರದ ಪಕ್ಕದ ತಮ್ಮ ಹಟ್ಟಿಯಲ್ಲಿ ಓಬಳಮ್ಮನ ಗಂಡ ಸಂಜೀವಯ್ಯ, ಬಗ್ಗಿದ ಬೆನ್ನು ನೆಟ್ಟಗಾಗದಿದ್ದರೂ, ಒಳಕೋಣೆಗೆ ಸುಣ್ಣ ಬಳಿದು ತೊಲೆಗೆ ಹಗ್ಗ ಬಿಗಿದಿದ್ದ. ಕೂಸು ಹುಟ್ಟುವ ಮುಂಚೆ ತೊಟ್ಟಿಲು ಕಟ್ಟಬಾರದೆಂದು ಅವಳು ಗದರಿದರೆ, "ತೊಟ್ಟಿಲೆಲ್ಲೈತೆ? ಬರೀ ಹಗ್ಗ ಕಣೆ" ಅಂದಿದ್ದ.

ಬೀಗಿತಿ ಚಿಕ್ಕಲಕ್ಷ್ಮಮ್ಮ ಮಾತುಗಾರ್ತಿ. ಕಾಲಿಗೆ ನೀರು ಕೊಡುತ್ತಲೇ ಶುರುಮಾಡಿದಳು. "ಮದ್ವೆ ಹೊಸದ್ರಾಗೆ ಏನ್ ಮಾಡಿದ್ದೆ ಗೊತ್ತಾ ಬೀಗ್ತಿ? ನಿಮ್ ಮಗಳ ಹಲ್ಲು ನೋಡಿ, ಕದ್ದು ಹೊಗೇಸೊಪ್ಪು ಹಾಕ್ತಾಳೆ ಅಂದ್ಕಂಡು ನನ್ನ ಎಲಡ್ಕೆ ಚೀಲಾನ ಅಕ್ಕಿ ಮಡಕೇಲಿ ಬಚ್ಚಿಟ್ಟಿದ್ದೆ!"

"ಬಚ್ಚಿಟ್ಟು ಮರ್ತುಬುಟ್ರಿ. ಅನ್ನವೆಲ್ಲ ಘಾಟು" ಎಂದಳು ಅಶ್ವತ್ಥಮ್ಮ.

ಓಬಳಮ್ಮ ನಕ್ಕಳು. ನಗುವಾಗ ಸೆರಗು ತಾನಾಗಿ ಬಾಯಿಗೆ ಬಂತು. ಮಗಳದೂ ಅದೇ. ಅವರ ಸೀಮೆಯಲ್ಲಿ ನಕ್ಕರೆ ಎಲ್ಲರ ಕೈಯೂ ಬಾಯಿಗೆ ಅಡ್ಡ. ಕಂದು ಗೆರೆ ಬಿದ್ದ ಹಲ್ಲು ಸೊಪ್ಪಿನದಲ್ಲ, ಬಾವಿಯ ನೀರಿನದು. ಸಂಜೀವಯ್ಯನ ಬೆನ್ನೂ ಆ ನೀರಿನದೇ ಎಂದು ಹಟ್ಟಿಯ ಹಿರಿಯರು ಹೇಳುತ್ತಿದ್ದರು.

ಹೊಸಿಲ ಮೇಲೆ ಬೀಗಿತಿಯ ಹಿರಿಮಗನ ಕೂಸು ಕೂತು ಯಾತಕ್ಕೋ ಬಾಯಿ ಪೂರಾ ತೆರೆದು ನಗುತ್ತಿತ್ತು. ಹಲ್ಲು ಸೋರೆಬೀಜದ ಹಾಗೆ ಬೆಳ್ಳಗೆ. ಅದರ ಕೈ ಬಾಯಿಗೆ ಅಡ್ಡ ಬರಲಿಲ್ಲ. ಓಬಳಮ್ಮ ಅದನ್ನೇ ನೋಡುತ್ತ ಕೂತಳು.

ಅಷ್ಟರಲ್ಲಿ ಒಲೆಯ ಮೇಲಿನ ತೊಗರಿಬೇಳೆ ಬೆಂದು ಕರಗಿತ್ತು. ತನ್ನೂರ ನೀರಲ್ಲಾದರೆ ಒಂದು ಹೊರೆ ಸೌದೆ ಉರಿದರೂ ಬೇಳೆ ಬೇಳೆಯಾಗಿಯೇ ಕುಣಿಯುತ್ತದೆ. ಊಟದ ಹೊತ್ತಿಗೆ ಸರ್ಕಾರದ ನರ್ಸಮ್ಮ ಬಂದು ಅಶ್ವತ್ಥಮ್ಮನ ಹೊಟ್ಟೆ ಮುಟ್ಟಿ ನೋಡಿ, "ನೋವು ಬಂದ್ರೆ ಹೇಳಿ ಕಳಿಸಿ" ಎಂದು ಹೋದಳು. ಹಟ್ಟಿಯಲ್ಲಿ ನೋವು ಬಂದರೆ ಪಾವಗಡಕ್ಕೆ ಗಾಡಿ ಕಟ್ಟಬೇಕು. ಡಾಕ್ಟರು ಊರಲ್ಲಿದ್ದರೆ ಪುಣ್ಯ. ಮೈಸೂರಲ್ಲಿ ಬೀದಿ ಬೀದಿಗೆ ನಲ್ಲಿ ಎಂದು ದಸರಾಕ್ಕೆ ಹೋದವರು ಹೇಳಿದಾಗ ಅವಳು ಕಥೆ ಕೇಳಿದಂತೆ ಕೇಳಿದ್ದಳು. ಇದು ಮೈಸೂರಲ್ಲ. ಹಟ್ಟಿಯಿಂದ ಒಂದೇ ಬಸ್ಸಿನ ದೂರ.

ಅಶ್ವತ್ಥಮ್ಮ ಗಂಟು ಕಟ್ಟಿ ತಂದಳು. "ಅವ್ವಾ, ಹೊರಡಾನ? ಅಪ್ಪನ್ನ ನೋಡಿ ಏಸು ದಿನಾತು."

"ನೀನು ಇಲ್ಲೇ ಇರು ತಾಯಿ."

"ಯಾಕವ್ವಾ? ಅಪ್ಪ ಬ್ಯಾಡ ಅಂದ್ನಾ?"

"ಅವನು ಹಗ್ಗ ಕಟ್ಕಂಡು ಕಾಯ್ತಾ ಕುಂತವ್ನೆ."

ಬೀಗಿತಿ ಗಾಬರಿಯಾದಳು. "ಚೊಚ್ಚಲ ಬಾಣಂತನ ತವರ್ನಾಗೆ ಆಗ್ದಿದ್ರೆ ಗತಿಯಿಲ್ದೋರು ಅಂತಾರೆ ಕಣಮ್ಮ!"

"ಅನ್ಲಿ ಬುಡಿ. ನೀವೇ ಮಾಡಿ ಬೀಗ್ತಿ, ನಿಮ್ ಕಾಲಿಗೆ ಬೀಳ್ತೀನಿ. ನಮ್ ನೀರು ಕೂಸಿಗೆ ಬ್ಯಾಡ."

"ಇಲ್ಲಿಂದ್ಲೇ ನೀರು ಹೊತ್ಕಂಡೋದ್ರಾತು" ಎಂದಳು ಮಗಳು. ಕಣ್ಣು ತುಂಬಿತ್ತು.

"ಏಸು ಕೊಡ ಹೊತ್ತೀಯೇ, ಹುಚ್ಚಿ? ನೋಡಲ್ಲಿ, ಆ ಮಗ ಹೆಂಗೆ ನಗ್ತೈತೆ. ನಿನ್ನದೂ ಅಂಗೇ ನಗ್ಲಿ. ಬಾಯಿಗೆ ಕೈ ಇಕ್ಕೋದು ನಮಗೇ ಸಾಕು."

ಓಬಳಮ್ಮ ಮಗಳ ಮಡಿಲು ತುಂಬಿದಳು, ಹಸಿರು ಬಳೆ ತೊಡಿಸಿದಳು. ಬಸ್ಸು ಹೊರಡುವಾಗ ಅಶ್ವತ್ಥಮ್ಮ ಓಡಿಬಂದು, ಬಾಳೆಲೆಯಿಂದ ಬಾಯಿ ಬಿಗಿದ ಒಂದು ತಂಬಿಗೆ ನೀರು ಕೈಗಿಟ್ಟಳು. "ಅಪ್ಪನಿಗೆ" ಅಂದಳು, ಅಷ್ಟೇ. ದಾರಿಯುದ್ದಕ್ಕೂ ಓಬಳಮ್ಮ ತಂಬಿಗೆಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದಳು.

ಹಟ್ಟಿ ಸೇರಿದಾಗ ಸಂಜೀವಯ್ಯ ಬಾಗಿಲಲ್ಲೇ ನಿಂತಿದ್ದ. ಕತ್ತು ತಿರುಗದ ಅವನು ಇಡೀ ಮೈ ತಿರುಗಿಸಿ ಅವಳ ಹಿಂದೆ ನೋಡಿದ. "ಅಮ್ಮಾಯಿ ಎಲ್ಲೇ?"

ಅವಳು ಎಲ್ಲ ಹೇಳಿದಳು. ಅವನು ತಂಬಿಗೆ ಎತ್ತಿ ಒಂದು ಗುಟುಕು ಕುಡಿದು, ತಡೆದು, ಇನ್ನೊಂದು ಗುಟುಕು ಕುಡಿದ.

"ಇದೇನೇ, ಸಪ್ಪೆ ಐತೆ."

"ನಿನ್ ಮೊಮ್ಮಗು ಇದ್ನೇ ಕುಡೀತೈತೆ."

ಉಳಿದ ನೀರನ್ನು ಅವನು ಕುಡಿಯಲಿಲ್ಲ, ಚೆಲ್ಲಲೂ ಇಲ್ಲ. ತಂಬಿಗೆಯನ್ನು ಒಳಕೋಣೆಯಲ್ಲಿಟ್ಟು, ತೊಲೆಯ ಹಗ್ಗದತ್ತ ಕೈ ಚಾಚಿದ. "ಬಿಚ್ಲಾ?"

"ಇರ್ಲಿ ಬುಡು" ಅಂದಳು ಓಬಳಮ್ಮ. "ಬರೀ ಹಗ್ಗ ತಾನೆ."