ಆರನೆಯ ಹೆಸರು

ಹಲ್ವರ್ಸನ್ ಕೋಚ್ ಕಾಗದದ ನಾಲ್ಕು ಮೂಲೆಗೂ ಟೇಪು ಅಂಟಿಸಿ, ಅಂಗೈಯಿಂದ ಒಮ್ಮೆ ಸವರಿ, ಬಾಗಿಲು ದಾಟಿ ಆಚೆ ಹೋಗುವವರೆಗೂ ಯಾರೂ ಕೂತಲ್ಲಿಂದ ಏಳಲಿಲ್ಲ. ಆಮೇಲೆ ಮೂವತ್ತು ಹುಡುಗರು ಒಟ್ಟಿಗೇ ಎದ್ದರು. ಲೈಲ್ ಬೊಮ್‌ಗಾರ್ಡ್ ಮಾತ್ರ ಬೂಟಿನ ದಾರ ಕಟ್ಟುವ ನೆಪದಲ್ಲಿ ಬೆಂಚಿನ ಮೇಲೇ ಉಳಿದ. ನಾಲ್ಕು ವರ್ಷ ಈ ಬಾಗಿಲಿನ ಪಟ್ಟಿಗಳನ್ನು ಅವನು ಎಲ್ಲರೂ ಓದಿ ಮುಗಿಸಿದ ಮೇಲೆಯೇ ಓದಿದ್ದ. ಇಲ್ಲದ ಹೆಸರನ್ನು ಹುಡುಕುವವನಿಗೆ ಅವಸರವೇನೂ ಇರುವುದಿಲ್ಲ.

"ಲೇ ತಾತ, ಬಾ ಇಲ್ಲಿ," ಎಂದು ಗುಂಪಿನೊಳಗಿಂದ ಯಾರೋ ಕೂಗಿದರು. "ಆರನೇದು ಯಾರು ಓದು. ಕನ್ನಡಕ ಬೇಕಾ?"

ಇಪ್ಪತ್ತಮೂರು ವರ್ಷದ ಲೈಲ್ ಕಾಲೇಜಿನ ಬೇಸ್‌ಬಾಲ್ ತಂಡದ ಪಾಲಿಗೆ ತಾತನೇ. ಐದನೆಯ ವರ್ಷವೂ ಕಾಲೇಜಿನಲ್ಲಿ ಉಳಿದಿದ್ದವನು ಅವನೊಬ್ಬನೇ. ಅವನು ಹೋಗಿ ಓದಿದ. ಆರನೆಯ ಬ್ಯಾಟು, ಎಡ ಮೈದಾನ: ಬೊಮ್‌ಗಾರ್ಡ್. ಎರಡನೆಯ ಸಲ ಓದಿದ. ಬೆನ್ನಿನ ಮೇಲೆ ಬಿದ್ದ ಏಟುಗಳಲ್ಲಿ ಯಾವುದು ಪ್ರೀತಿಯದು, ಯಾವುದು ಹೊಟ್ಟೆಕಿಚ್ಚಿನದು ಎಂದು ಗೊತ್ತಾಗಲಿಲ್ಲ. ಎಡ ಮೈದಾನದ ಆ ಜಾಗಕ್ಕೆ ಅವನೊಂದಿಗೆ ಪೈಪೋಟಿಗಿದ್ದ ಪ್ರೂಯಿಟ್ ಕೈ ಕುಲುಕಿ ಹೋದ.

ಪಟ್ಟಿಯ ಕೆಳಗೆ, ಒಂದು ಗೆರೆ ಬಿಟ್ಟು, ಶನಿವಾರ ದಕ್ಷಿಣದ ಆರ್ಕನ್ಸಾದಲ್ಲಿ ನಡೆಯುವ ಮೊದಲ ಪಂದ್ಯಕ್ಕೆ ಚೆಂಡು ಎಸೆಯುವವನ ಹೆಸರಿತ್ತು. ಮೂರು ವರ್ಷದಿಂದ ಅಲ್ಲಿ ಎಮ್ಮೆಟ್ ಸೋಕಪ್‌ನದ್ದೇ ಹೆಸರು. ಈ ಸಲ ಹೊಸದಾಗಿ ಸೇರಿದ ಫ್ರೈ ಎಂಬವನದಿತ್ತು. ಎಮ್ಮೆಟ್ ಅದನ್ನು ಓದಿ ಚೀಲ ಹೆಗಲಿಗೇರಿಸಿದ, ಹೋಗುತ್ತಾ ಲೈಲ್‌ನ ಹತ್ತಿರ ನಿಂತ.

"ಚೆನ್ನಾಗಿ ಹೊಡೆದೆ ಕಣೋ," ಎಂದ. "ನ್ಯಾಯವಾಗೇ ಬಂದಿದೆ ನಿನಗೆ."

ಆ ವರ್ಷ ಊರಿಗೆ ಊರೇ ತಂಡದ ಮೇಲೆ ನಂಬಿಕೆ ಇಟ್ಟಿತ್ತು. ಹಿಂದಿನ ಮೇ ತಿಂಗಳಲ್ಲಿ ಕೊನೆಯ ಪಂದ್ಯವನ್ನು ಒಂದೇ ಒಂದು ರನ್ನಿನಿಂದ ಸೋತು ಬಂದವರಲ್ಲಿ ಎಂಟು ಜನ ವಾಪಸಾಗಿದ್ದರು. ಖಾಲಿಯಿದ್ದದ್ದು ಎಡ ಮೈದಾನ ಒಂದೇ. ಕ್ಷೌರದಂಗಡಿಯಲ್ಲಿ, ಬೀಜದ ಗೋದಾಮಿನಲ್ಲಿ, ಚರ್ಚಿನ ಕಾಫಿ ಮೇಜಿನಲ್ಲಿ ಎಲ್ಲರಿಗೂ ಒಂಬತ್ತು ಹೆಸರಲ್ಲಿ ಎಂಟು ಬಾಯಿಪಾಠವಾಗಿದ್ದವು, ಒಂಬತ್ತನೆಯದರ ಬಗ್ಗೆ ವಾದ ನಡೆಯುತ್ತಿತ್ತು. ಈ ಸಲ ಗೆಲ್ಲುತ್ತಾರಾ ಎಂದು ಯಾರೂ ಕೇಳುತ್ತಿರಲಿಲ್ಲ. ಎಷ್ಟರಿಂದ ಎಂದು ಕೇಳುತ್ತಿದ್ದರು.

ಅಯೋವಾದ ಫೆಬ್ರವರಿಯಲ್ಲಿ ಮೈದಾನ ಹಿಮದಡಿ ಇರುತ್ತದೆ. ಅಭ್ಯಾಸವೆಲ್ಲ ಕಾಲೇಜಿನ ಹಿಂದಿನ ಹಳೆಯ ದನದ ಸಂತೆಯ ಕೊಟ್ಟಿಗೆಯಲ್ಲಿ. ತಗಡಿನ ಮಾಡಿನಿಂದ ಬಲೆ ಇಳಿಬಿಟ್ಟು, ನೆಲಕ್ಕೆ ಹಸಿರು ಜಮಖಾನ ಹಾಸಿದ್ದರು. ಹೀಟರು ಹಾಕಿದಾಗ ಇವತ್ತಿಗೂ ದನದ ವಾಸನೆ ಏಳುತ್ತಿತ್ತು. ಎಮ್ಮೆಟ್ ಬಂದಂದಿನಿಂದ ಹಲ್ವರ್ಸನ್ ಅಲ್ಲೊಂದು ಪದ್ಧತಿ ಮಾಡಿಕೊಂಡಿದ್ದರು: ಜಾಗ ಬೇಕಾದವನು ಎಮ್ಮೆಟ್‌ನ ಎದುರು ಇಪ್ಪತ್ತು ಸಲ ಬ್ಯಾಟು ಹಿಡಿಯಬೇಕು, ಹೆಚ್ಚು ಹೊಡೆದವನು ಆಡುತ್ತಾನೆ. ಕೆಲವು ಸಲ, ಪಂದ್ಯದಲ್ಲಿರುವಂತೆ, ಓಟಗಾರನೊಬ್ಬನನ್ನು ಬೇಸಿನ ಮೇಲೆ, ಓಡಿ ಬಂದು ನಿಲ್ಲುವ ಮೆತ್ತೆಯ ಮೇಲೆ, ನಿಲ್ಲಿಸುತ್ತಿದ್ದರು. ಅದರ ಮೇಲೆ ಚರ್ಚೆಯಿಲ್ಲ, ಶಿಫಾರಸಿಲ್ಲ. ಮೂರು ವರ್ಷ ಇದೇ ಪರೀಕ್ಷೆಯಲ್ಲಿ ಸೋತ ಲೈಲ್ ಈ ಸಲ ಹನ್ನೊಂದು ಹೊಡೆದಿದ್ದ. ಪ್ರೂಯಿಟ್ ಏಳು.

ಹೊಡೆದದ್ದು ಹೇಗೆಂದು ಲೈಲ್‌ಗೆ ಮಾತ್ರ ಗೊತ್ತಿತ್ತು.

ಬೆಂಚಿನ ಮೇಲೆ ನಾಲ್ಕು ವರ್ಷ ಕೂತವನಿಗೆ ನೋಡುವುದು ಬಿಟ್ಟರೆ ಬೇರೆ ಕೆಲಸವಿರುವುದಿಲ್ಲ. ಎಮ್ಮೆಟ್‌ನ ಹತ್ತಿರ ಎರಡು ಎಸೆತಗಳಿದ್ದವು. ಒಂದು ಬಿರುಸಿನದು, ಇನ್ನೊಂದು ಅದೇ ಬಿರುಸಿನಲ್ಲಿ ಕೈ ಬೀಸಿದರೂ ದಾರಿಯಲ್ಲಿ ಸೋತಂತೆ ನಿಧಾನವಾಗುವಂಥದ್ದು. ಯಾವುದು ಬರುತ್ತದೆಂದು ತಿಳಿಯದವನು ಗಾಳಿಗೆ ಬ್ಯಾಟು ಬೀಸಿ ಮನೆಗೆ ಹೋಗುತ್ತಾನೆ. ಆ ಚಳಿಗಾಲದಲ್ಲಿ ಎಮ್ಮೆಟ್ ನಿಧಾನದ ಚೆಂಡಿಗೆ ಹೊಸ ಹಿಡಿತವೊಂದನ್ನು ಕಲಿತಿದ್ದ. ಎರಡೂ ಕೈ ತಲೆಯ ಮೇಲಕ್ಕೆತ್ತಿದಾಗ, ಆ ಹಿಡಿತಕ್ಕಾಗಿ ಬೆರಳು ತಡಕಾಡುವ ಅರೆಗಳಿಗೆ, ಚೆಂಡನ್ನು ಮರೆಮಾಡಿದ ಗ್ಲೌಸು ಕಪ್ಪೆಯ ಗಂಟಲಿನಂತೆ ಉಬ್ಬುತ್ತಿತ್ತು. ಬಿರುಸಿನ ಚೆಂಡಿಗೆ ಉಬ್ಬುತ್ತಿರಲಿಲ್ಲ. ಜನವರಿಯ ಕೊನೆಯಲ್ಲಿ ಲೈಲ್ ಇದನ್ನು ಕಂಡುಕೊಂಡ. ಮರುದಿನ ಹೇಳೋಣವೆಂದುಕೊಂಡ. ಮರುದಿನ ಪರೀಕ್ಷೆ ಶುರುವಾಯಿತು.

ಅವನು ಎಣಿಸದೇ ಹೋದದ್ದು ಇನ್ನೊಂದಿತ್ತು. ಎಮ್ಮೆಟ್‌ಗೆ ಎರಡು ವರ್ಷದ ಹಿಂದೆ ಮೊಣಕೈ ಕುಯ್ದಿದ್ದರು. ಲೈಲ್‌ನಂಥವನೂ ಹೊಡೆಯತೊಡಗಿದಾಗ, ಕೈ ಮತ್ತೆ ಹೋಯಿತೆಂದು ಎಮ್ಮೆಟ್ ಹೆದರಿದ. ಹೆದರಿದವನು ಜೋಪಾನವಾಗಿ ಎಸೆದ. ಜೋಪಾನವಾಗಿ ಎಸೆದದ್ದನ್ನು ಮಿಕ್ಕವರೂ ಹೊಡೆದರು.

ಪಟ್ಟಿ ಅಂಟಿಸಿದ ಬುಧವಾರ ಹಲ್ವರ್ಸನ್ ಲೈಲ್‌ನನ್ನು ಕೋಣೆಗೆ ಕರೆದು, ಬೆನ್ನು ತಟ್ಟಿ, ಎಮ್ಮೆಟ್‌ನ ಬಗ್ಗೆ ಮನಸ್ಸಿನಲ್ಲಿ ಇದ್ದದ್ದನ್ನೂ ಹೇಳಿಬಿಟ್ಟರು. "ತಪ್ಪು ತಿಳ್ಕೋಬೇಡಪ್ಪ. ನೀನೇ ಅವನ ಚೆಂಡನ್ನ ಹೀಗೆ ಹೊಡೀತೀಯ ಅಂದ್ರೆ, ಆ ದಕ್ಷಿಣದೋರು ಅವನನ್ನ ಉಪ್ಪಿನಕಾಯಿ ಥರ ನೆಂಚ್ಕೊಂಡು ತಿಂತಾರೆ." ಲೈಲ್ ನಕ್ಕ. ನಕ್ಕದ್ದು ಆಚೆ ಬಂದ ಮೇಲೂ ಮುಖದ ಮೇಲೆ ಹಾಗೇ ಅಂಟಿಕೊಂಡಿತ್ತು. ಅದನ್ನು ಒರೆಸಿಕೊಳ್ಳಲು ಅವನು ತಾಯಿಗೆ ಫೋನು ಮಾಡಿದ. ದಂತವೈದ್ಯರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಆಕೆ ಮಗ ಪಂದ್ಯದ ಮೊದಲಿನಿಂದಲೇ ಆಡುವುದನ್ನು ಕಾಲೇಜಿನಲ್ಲಿ ಒಮ್ಮೆಯೂ ನೋಡಿರಲಿಲ್ಲ. ಶನಿವಾರಕ್ಕೆ ರಜೆ ಹಾಕುತ್ತೇನೆ, ಆರ್ಕನ್ಸಾಗೆ ಏಳು ಗಂಟೆ ದಾರಿಯಾದರೇನು ಎಂದಳು. ಜೂನ್ ಬಂದರೆ ಅವನು ಚಿಕ್ಕಪ್ಪನ ಗೋದಾಮಿನಲ್ಲಿ ಜೋಳ ತೂಗುತ್ತಿರುತ್ತಾನೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆಡಲು ಈ ವರ್ಷ ಬಿಟ್ಟರೆ ಇನ್ನೊಂದಿಲ್ಲ.

ಮಧ್ಯಾಹ್ನ ಊಟದ ಕೋಣೆಯಲ್ಲಿ ಲೋರ್ನಾ ಟ್ವೈಟ್ ತಟ್ಟೆ ಹಿಡಿದು ಅವನ ಎದುರು ಬಂದು ಕೂತಳು. ಅವಳು ತಂಡದ ಲೆಕ್ಕದ ಪುಸ್ತಕ ಬರೆಯುವವಳು. ಯಾರು ಹೊಡೆದರು, ಯಾರು ತಪ್ಪಿದರು, ಆಗ ಬೇಸಿನಲ್ಲಿ ಯಾರಿದ್ದರು ಎಂದು ಪ್ರತಿ ಚೆಂಡಿಗೂ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕುವವಳು. ಮೂರು ವರ್ಷದಲ್ಲಿ ಅವಳು ಹುಡುಗರೊಂದಿಗೆ ಆಡಿದ ಮಾತು ಒಂದು ಪುಟ ಆಗಲಿಕ್ಕಿಲ್ಲ. ಬುಧವಾರವಾದ್ದರಿಂದ ಬೀನ್ಸು ಖೀಮಾದ ಖಾರದ ಸಾರು, ಪಕ್ಕಕ್ಕೆ ದಾಲ್ಚಿನ್ನಿ ಬನ್ನು ಇತ್ತು. ಅವಳು ಬನ್ನಿನ ಸುರುಳಿಯನ್ನು ಬಿಚ್ಚುತ್ತಾ, ಅದಕ್ಕೇ ಹೇಳುವಂತೆ ಹೇಳಿದಳು.

"ಬೇಸ್ ಖಾಲಿ ಇದ್ದಾಗ ಹದಿನಾಲ್ಕಕ್ಕೆ ಹನ್ನೊಂದು ಹೊಡೆದಿದ್ದೀಯ. ಬೇಸಲ್ಲಿ ಯಾರಾದ್ರೂ ನಿಂತಿದ್ದಾಗ ಆರಕ್ಕೆ ಒಂದೂ ಇಲ್ಲ."

"ಅದೃಷ್ಟ," ಎಂದ ಲೈಲ್.

"ಅದೃಷ್ಟ ಬೇಸ್ ನೋಡ್ಕೊಂಡು ಬರುತ್ತಾ?"

ಬೇಸಿನಲ್ಲಿ ಓಟಗಾರ ನಿಂತಿದ್ದರೆ ಎಸೆಯುವವನು ಕೈ ಮೇಲೆತ್ತುವುದಿಲ್ಲ. ಎತ್ತಿದರೆ ಓಟಗಾರ ಆ ಹೊತ್ತಿನಲ್ಲಿ ಮುಂದಿನ ಬೇಸಿಗೆ ಓಡಿಬಿಡುತ್ತಾನೆ. ಅದಕ್ಕೇ ಎಸೆಯುವವನು ಗ್ಲೌಸನ್ನು ಹೊಟ್ಟೆಗೆ ಒತ್ತಿಕೊಂಡು ಅಲ್ಲಿಂದಲೇ ಎಸೆಯುತ್ತಾನೆ. ಉಬ್ಬಿದರೂ ಕಾಣುವುದಿಲ್ಲ. ಇದನ್ನು ಲೋರ್ನಾಗೆ ವಿವರಿಸಬೇಕಾಗಿರಲಿಲ್ಲ. ಅವಳು ಅಲ್ಲಿಯವರೆಗೆ ಬಂದು ನಿಂತಿದ್ದಳು.

"ನಾನು ಕೋಚ್‌ಗೆ ಹೇಳಲ್ಲ," ಎಂದಳು. "ಏನಿದೆ ಅಂತ ನನಗೆ ಗೊತ್ತೂ ಇಲ್ಲ. ಪುಸ್ತಕದಲ್ಲಿರೋದನ್ನ ಹೇಳ್ದೆ, ಅಷ್ಟೆ." ಬನ್ನು ಅರ್ಧ ಬಿಟ್ಟು ಎದ್ದುಹೋದಳು.

ಗುರುವಾರ ಮಧ್ಯಾಹ್ನ ಅಭ್ಯಾಸವಿರಲಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ ಬಸ್ಸು, ಎಲ್ಲರೂ ಬಟ್ಟೆ ಒಗೆಯಲು ಹೋಗಿದ್ದರು. ಕೊಟ್ಟಿಗೆಯೊಳಗೆ ಎಮ್ಮೆಟ್ ಒಬ್ಬನೇ ಬಲೆಗೆ ಚೆಂಡು ಎಸೆಯುತ್ತಿದ್ದ. ಒಂದೊಂದು ಎಸೆತಕ್ಕೂ ನಿಂತು ಮೊಣಕೈ ಮಡಿಸಿ ಬಿಡಿಸಿ ಏನನ್ನೋ ಆಲಿಸುತ್ತಿದ್ದ. ಲೈಲ್‌ನನ್ನು ಕಂಡು, ಸೋಮವಾರ ಡಾಕ್ಟರ ಹತ್ತಿರ ಹೋಗುತ್ತಿರುವುದಾಗಿ ಹೇಳಿದ. ಮತ್ತೆ ಕುಯ್ಯಬೇಕೆಂದರೆ ತನಗೆ ಬೇಡ, ಆಟ ಬಿಟ್ಟುಬಿಡುವುದೇ ಸರಿ ಎಂದ. ಆಗಲೇ ತೀರ್ಮಾನವಾದ ವಿಷಯವನ್ನು ಹೇಳುವಷ್ಟು ಸಮಾಧಾನದಿಂದ ಹೇಳಿದ.

ಲೈಲ್ ಗೋಡೆಗೆ ಒರಗಿಸಿದ್ದ ಬ್ಯಾಟು ತೆಗೆದುಕೊಂಡು, ಹೊಡೆಯುವವನ ಜಾಗದಲ್ಲಿ ನಿಂತ. ಬ್ಯಾಟನ್ನು ಹೆಗಲಿಗೇರಿಸದೆ ಕಾಲಿನ ಪಕ್ಕಕ್ಕೆ ಊರಿಕೊಂಡ.

"ಎಸಿ."

ಎಮ್ಮೆಟ್ ಎರಡೂ ಕೈ ಮೇಲೆತ್ತಿದ.

"ನಿಧಾನ," ಎಂದ ಲೈಲ್. ಚೆಂಡು ನಿಧಾನವಾಗಿ ಬಂದು ಹಿಂದಿನ ಬಲೆಗೆ ಬಿತ್ತು.

ಎಮ್ಮೆಟ್ ಇನ್ನೊಂದು ಚೆಂಡು ತೆಗೆದುಕೊಂಡ. "ವೇಗ," ಎಂದ ಲೈಲ್. ಆಮೇಲೆ, "ವೇಗ." ಆಮೇಲೆ, "ನಿಧಾನ." ಐದನೆಯ ಸಲ ಎಮ್ಮೆಟ್ ಕೈ ಎತ್ತಿದವನು ಎಸೆಯಲಿಲ್ಲ, ಎತ್ತಿದ ಕೈಗಳನ್ನು ಹಾಗೇ ಮೆಲ್ಲಗೆ ಇಳಿಸಿದ.

"ಎಷ್ಟು ದಿನದಿಂದ ಗೊತ್ತು?"

"ಮೂರು ವಾರ."

ಎಮ್ಮೆಟ್ ನಡೆದು ಬಂದ. ಹೊಡೆಯುತ್ತಾನೆ ಎಂದುಕೊಂಡು ಲೈಲ್ ಬ್ಯಾಟನ್ನು ನೆಲಕ್ಕೆ ಹಾಕಿದ.

"ಮೂರು ವಾರ ದಿನಾ ಸಂಜೆ ಮೊಣಕೈಗೆ ಐಸು ಕಟ್ಕೊಂಡು ಕೂತಿದ್ದೆ ನಾನು," ಎಂದ ಎಮ್ಮೆಟ್. "ಎರಡು ಸಲ ನೀನೇ ತಂದುಕೊಟ್ಟೆ."

"ಹೂಂ."

"ನಾಚಿಕೆ ಆಗ್ಲಿಲ್ವಾ ನಿನಗೆ?"

"ಆಯ್ತು," ಎಂದ ಲೈಲ್. "ಆದ್ರೂ ಆ ಜಾಗ ಬೇಕಿತ್ತು."

ಮಾಡಿನ ಮೇಲಿಂದ ಕರಗಿದ ಹಿಮದ ರಾಶಿಯೊಂದು ಜಾರಿ ಧೊಪ್ಪೆಂದು ಹೊರಗೆ ಬಿತ್ತು. ಎಮ್ಮೆಟ್ ತನ್ನ ಬಲಗೈಯನ್ನು ಯಾರದ್ದೋ ಕೈಯೆಂಬಂತೆ ತಿರುಗಿಸಿ ನೋಡಿಕೊಂಡ. ಮೊಣಕೈಯ ಗಾಯದ ಗೆರೆಯ ಮೇಲೆ ಹೆಬ್ಬೆರಳು ಒತ್ತಿದ. ಇನ್ನೂ ಜೋರಾಗಿ ಒತ್ತಿದ. ಆಮೇಲೆ ಗ್ಲೌಸನ್ನು ಲೈಲ್‌ನ ಎದೆಗೆ ತಳ್ಳಿದ.

"ಎಲ್ಲಿ ಕಾಣುತ್ತೆ, ತೋರಿಸು."

ಸರಿಮಾಡಲು ಮುಕ್ಕಾಲು ಗಂಟೆ ಹಿಡಿಯಿತು. ಕೈ ಎತ್ತುವ ಮೊದಲೇ, ಸೊಂಟದ ಹತ್ತಿರ, ಎಲ್ಲ ಎಸೆತಕ್ಕೂ ನಿಧಾನದ ಹಿಡಿತವನ್ನೇ ಹಿಡಿದುಕೊಳ್ಳುವುದು. ಬಿರುಸಿನದು ಬೇಕಾದರೆ ಒಳಗೇ ಬೆರಳು ಬದಲಿಸುವುದು. ಲೈಲ್ ಎದುರು ಕೂತು, ನಿಂತು, ಬಗ್ಗಿ ನೋಡಿದ. ಕಂಡಿತು, ಕಂಡಿತು, ಸ್ವಲ್ಪ ಕಂಡಿತು ಎನ್ನುತ್ತಾ ಹೋದ. ಕೊನೆಗೆ ಏನೂ ಹೇಳದಾದ. ಎಮ್ಮೆಟ್ ನೆಲದ ಬ್ಯಾಟನ್ನು ಗದ್ದದಿಂದ ತೋರಿಸಿದ.

"ಈಗ ಹೊಡಿ."

ಈ ಸಲ ಎಮ್ಮೆಟ್ ಜೋಪಾನ ಮಾಡಲಿಲ್ಲ. ಬಿರುಸಿನವು ಬಲೆಯನ್ನು ಹಿಂದಿನ ಹಲಗೆಯವರೆಗೂ ದೂಡಿದವು. ನಿಧಾನದವು ಲೈಲ್ ಬೀಸಿ ಮುಗಿಸಿದ ಮೇಲೆ ಪುರುಸೊತ್ತಾಗಿ ದಾಟಿ ಹೋದವು. ಹನ್ನೆರಡು ಎಸೆತಗಳಲ್ಲಿ ಅವನ ಬ್ಯಾಟಿಗೆ ಒಂದೂ ತಾಗಲಿಲ್ಲ. ಕೊನೆಯದಕ್ಕೆ ಬೀಸಿದ ಭರಕ್ಕೆ ಮೊಣಕಾಲೂರಿ ಬಿದ್ದ. ಬಿದ್ದಲ್ಲಿಂದಲೇ ಅವನಿಗೆ ನಗು ಬಂತು. ಎಮ್ಮೆಟ್ ನಗಲಿಲ್ಲ, ಆದರೆ ಬಂದು ಕೈ ಹಿಡಿದು ಎಬ್ಬಿಸಿದ.

ಎದ್ದಾಗ ಬಾಗಿಲಲ್ಲಿ ಹಲ್ವರ್ಸನ್ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಬೂಟಿನ ಹಿಮ ಕರಗಿ ಸುತ್ತ ನೀರಾಗಿತ್ತು. ಏನಾಯಿತೆಂದು ಅವರು ಎಮ್ಮೆಟ್‌ನನ್ನು ಕೇಳಿದರು. ಎಮ್ಮೆಟ್ ಹೇಳಿದ್ದು ಗ್ಲೌಸಿನ ವಿಷಯ ಮಾತ್ರ. ಮೂರು ವಾರದ ವಿಷಯ ಹೇಳಲಿಲ್ಲ. ಅದನ್ನು ಲೈಲ್ ಹೇಳಿದ. ಕೋಚ್ ಟೋಪಿ ತೆಗೆದು, ತಲೆ ಕೆರೆದುಕೊಂಡು, ಮತ್ತೆ ಹಾಕಿಕೊಂಡರು.

"ಸೋಮವಾರ ಹೇಳಬಹುದಿತ್ತಲ್ಲಯ್ಯಾ," ಎಂದರು. "ಈ ಎರಡು ಪಂದ್ಯ ಆಡ್ಕೊಂಡು ಬಂದು."

"ಹೌದು, ಕೋಚ್."

"ನಾನಾಗಿದ್ರೆ ಹಾಗೇ ಮಾಡ್ತಿದ್ನೇನೋ." ಆಮೇಲೆ ಎಮ್ಮೆಟ್‌ನ ಕಡೆ ತಿರುಗಿ, ಈಗಲೇ ಕೈಗೆ ಐಸು ಕಟ್ಟು, ಇವತ್ತು ಎಸೆದದ್ದು ಸಾಕು ಎಂದು ಗದರಿದರು.

ಶುಕ್ರವಾರ ಬೆಳಿಗ್ಗೆ ಬಸ್ಸಿನ ಬಾಗಿಲಿನ ಬಳಿ ನಿಂತು ಹಲ್ವರ್ಸನ್ ಹೊಸ ಪಟ್ಟಿಯನ್ನು ಓದಿದರು. ಆರನೆಯದಕ್ಕೆ ಪ್ರೂಯಿಟ್, ಚೆಂಡು ಎಸೆಯಲು ಎಮ್ಮೆಟ್ ಎಂದರು. ಏಕೆಂದು ಯಾರಿಗೂ ಗೊತ್ತಿರಲಿಲ್ಲ. ಹಿಂದಿನ ಸೀಟಿನಿಂದ ಯಾರೋ, ತಾತನಿಗೆ ಒಂದೇ ದಿನಕ್ಕೆ ಪಿಂಚಣಿ ಕೊಟ್ಟರು ಎಂದು ಛೇಡಿಸಿದರು. ಎಮ್ಮೆಟ್ ತಿರುಗಿ ನೋಡಿದ ರೀತಿಗೆ ಬಸ್ಸು ಸುಮ್ಮನಾಯಿತು. ಮಿಸ್ಸೌರಿ ರಾಜ್ಯವನ್ನು ಅರ್ಧ ದಾಟುವಷ್ಟರಲ್ಲಿ ಹಿಮ ಹರಿದು, ಅಲ್ಲಲ್ಲಿ ಹೊಲದ ಮಣ್ಣು ಕಂಡಿತು. ಲೈಲ್ ತಾಯಿಗೆ ವಿಷಯ ತಿಳಿಸಿದ. ರಜೆ ಹಾಕಿಯಾಗಿದೆ, ಬರುತ್ತೇನೆ ಎಂದು ಉತ್ತರ ಬಂತು.

ಶನಿವಾರ ಆರ್ಕನ್ಸಾದಲ್ಲಿ ಅಂಗಿ ತೋಳು ಮಡಿಸುವಷ್ಟು ಬಿಸಿಲಿತ್ತು. ಐದು ಇನ್ನಿಂಗ್ಸ್‌ವರೆಗೆ ಆ ದಕ್ಷಿಣದವರಿಗೆ ಎಮ್ಮೆಟ್‌ನ ಚೆಂಡು ಎರಡೇ ಸಲ ಸಿಕ್ಕಿತು. ಸಿಕ್ಕವೂ ನೇರ ಯಾರದ್ದೋ ಕೈಗೆ ಹೋದವು. ಲೋರ್ನಾ ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಸೊನ್ನೆಯ ಮೇಲೆ ಸೊನ್ನೆ ಬರೆದಳು. ಪ್ರೇಕ್ಷಕರ ಗ್ಯಾಲರಿಯ ಮೇಲಿನ ಸಾಲಿನಲ್ಲಿ ಲೈಲ್‌ನ ತಾಯಿ ತಂದಿದ್ದ ಕಂಬಳಿಯನ್ನು ಪಕ್ಕಕ್ಕೆ ಮಡಿಸಿಟ್ಟು, ಮಗ ಆಡುತ್ತಿದ್ದಾನೋ ಎಂಬಂತೆ ಪ್ರತಿ ಚೆಂಡಿಗೂ ಕುತ್ತಿಗೆ ಚಾಚುತ್ತಿದ್ದಳು.

ಆರನೆಯ ಇನ್ನಿಂಗ್ಸಿನಲ್ಲಿ ಪ್ರೂಯಿಟ್ ಹೊಡೆದ ಚೆಂಡು ಎಡ ಮೈದಾನದ ಬೇಲಿಗೆ ಬಡಿಯಿತು. ಬೇಸಿನಲ್ಲಿದ್ದ ಇಬ್ಬರು ಓಡಿ ಬಂದು ರನ್ ಗಳಿಸಿದರು. ಬೆಂಚಿನಲ್ಲಿದ್ದವರೆಲ್ಲ ಎದ್ದು ಕೂಗಿದರು. ಹೊಡೆದವನು ಎಸೆದು ಓಡಿದ ಬ್ಯಾಟನ್ನು ತರುವುದು ಬೆಂಚಿನವರ ಕೆಲಸ. ಲೈಲ್ ಬೆಂಚಿರುವ ತಗ್ಗಿನಿಂದ ಮೆಟ್ಟಿಲು ಹತ್ತಿ ಹೊರಗೆ ಹೋದ. ಬೂಟಿನಡಿ ಹುಲ್ಲು ಮೆತ್ತಗಿತ್ತು. ಬ್ಯಾಟು ಬಿಳಿ ಗೆರೆಯ ಮೇಲೆ ಅಡ್ಡ ಬಿದ್ದಿತ್ತು. ಅವನು ಬಗ್ಗಿ ಎತ್ತಿಕೊಂಡ. ಹಿಡಿ ಇನ್ನೂ ಬೆಚ್ಚಗಿತ್ತು.