ನೊಣದ ಎಡಮೀಸೆ

ಮೂವತ್ತು ವರ್ಷದಿಂದ ಕ್ಷೌರದ ಅಂಗಡಿ ನಡೆಸುತ್ತಿದ್ದೇನೆ. ಈ ಕೆಲಸಕ್ಕೆ ಕತ್ತರಿಗಿಂತ ಬಾಯಿ ಹರಿತವಾಗಿರಬೇಕು. ಒಮ್ಮೆ ಕಥೆ ಕೇಳಿ ನಕ್ಕ ರಭಸಕ್ಕೆ ಗಿರಾಕಿಯೊಬ್ಬರ ಕಿವಿಯ ತುದಿ ಹೋಯಿತು. ಅವರು ಈಗಲೂ ಬರುತ್ತಾರೆ, ಉಳಿದ ಕಿವಿಯಲ್ಲಿ ಕೇಳುತ್ತಾರೆ. ಇದನ್ನು ನಂಬಬೇಕೆಂದೇನಿಲ್ಲ. ಯಾರೂ ನಂಬುವುದಿಲ್ಲ, ಈಗ ನನಗಿರುವ ತೊಂದರೆಯೂ ಅದೇ.

ನನಗೊಬ್ಬಳೇ ತಂಗಿ. ನನ್ನ ಅಂಗಡಿಯಿಂದ ಮೂರನೆಯ ಬಾಗಿಲು ಅವಳ ಮನೆ. ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಅವಳ ಗಂಡ ಗಡಿಯಾರ ರಿಪೇರಿ ಮಾಡುವವನು. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಅಕ್ಕಿಕಾಳಿಗಿಂತ ಸಣ್ಣ ತಿರುಪನ್ನು ಉಸಿರು ಬಿಗಿಹಿಡಿದು ತಿರುಗಿಸುವಾತ. ದನಿ ಎತ್ತಿದ್ದನ್ನು ಬೀದಿಯಲ್ಲಿ ಯಾರೂ ಕೇಳಿಲ್ಲ. ಅಳಿಯ ಅಂದರೆ ಹೀಗಿರಬೇಕು ಎಂದು ನಮ್ಮಮ್ಮ ಸಾಯುವವರೆಗೂ ಹೇಳಿದಳು.

ತಂಗಿಗೆ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಮೊಬೈಲಿನ ಬಂದೂಕಿನಾಟ ಅಂಟಿಕೊಂಡಿತು. ನೂರು ಜನ ಒಂದು ದ್ವೀಪಕ್ಕೆ ಇಳಿಯುತ್ತಾರೆ, ಒಬ್ಬರನ್ನೊಬ್ಬರು ಸುಡುತ್ತಾರೆ, ಕೊನೆಗೆ ಉಳಿದವನು ಗೆದ್ದ ಹಾಗೆ. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ನನ್ನ ಅಂಗಡಿಯ ಬೆಂಚಿಗೆ ಬಂದು ಕೂತು ಆಡುತ್ತಿದ್ದಳು. ಒಂದು ದಿನ ಬಗ್ಗಿ ನೋಡಿದೆ. ಉಳಿದವರೆಲ್ಲ ಗುಡ್ಡ ಬಯಲು ಎನ್ನದೆ ಓಡಾಡಿ ಸುಡುತ್ತಿದ್ದರೆ, ಇವಳು ಒಂದು ಸಣ್ಣ ಕೋಣೆ ಹುಡುಕಿ ಬಾಗಿಲು ಹಾಕಿಕೊಂಡು, ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಬಂದೂಕನ್ನು ಬಾಗಿಲಿಗೆ ಹಿಡಿದಿದ್ದಳು. ಅಷ್ಟೇ ಅವಳ ಆಟ.

"ಏನಮ್ಮ, ಯುದ್ಧಕ್ಕೆ ಹೋಗಿ ಬಚ್ಚಲಲ್ಲಿ ಕೂತಿದ್ದೀಯಲ್ಲ?" ಅಂದೆ.

"ಇಲ್ಲಿ ಬಾಗಿಲು ಮುಚ್ಚುತ್ತೆ, ಅಣ್ಣ."

ಅವಳ ಹೊಲಿಗೆ ಕೋಣೆಯ ಚಿಲಕವನ್ನು ಗಂಡ ತನ್ನ ಪುಟ್ಟ ತಿರುಪುಳಿಯಿಂದ ಬಿಚ್ಚಿಟ್ಟು ಆಗಲೇ ವರ್ಷವಾಗಿತ್ತು. ನಾನದನ್ನು ನೋಡಿದ್ದೆ. ಇನ್ನೊಂದನ್ನೂ ನೋಡಿದ್ದೆ. ದಿನಕ್ಕೆ ಮೂವತ್ತು ಕುತ್ತಿಗೆ ನೋಡುವವನಿಗೆ ಮೂವತ್ತೊಂದನೆಯದು ಕಾಣದೆ ಇರುತ್ತದೆಯೇ? ಅವಳು ಆಟಕ್ಕೆ ತಲೆ ತಗ್ಗಿಸಿದಾಗ, ಹಿಂದುಗಡೆ ಕೂದಲು ಶುರುವಾಗುವಲ್ಲಿ ನಾಲ್ಕು ಬೆರಳಿನ ಗುರುತು. ಅಳತೆ ಟೇಪನ್ನು ಬಿಗಿಯಾಗಿ ಸುತ್ತಿಕೊಂಡಿದ್ದೆಯಾ ಎಂದು ಕೇಳಿದೆ. ಅವಳು ನಕ್ಕು ಹೂಂ ಅಂದಳು. ತಮಾಷೆಗೆ ತಮಾಷೆ ಸರಿಹೋಯಿತು, ನಾನು ಕನ್ನಡಿ ಒರೆಸಲು ಹೋದೆ.

ಆದರೆ ಬಾಗಿಲು ಹಾಕಿಕೊಂಡು ಕೂರುವ ಹೆಂಗಸಿನ ಕಥೆ ಅಂಗಡಿಯಲ್ಲಿ ಓಡುತ್ತದೆಯೇ? ಅದಕ್ಕೇ ಬೇರೆ ಮಾಡಿಕೊಂಡೆ. ನನ್ನ ತಂಗಿ ಊಟಕ್ಕೆ ಮುಂಚೆ ಮುನ್ನೂರು ಜನರನ್ನು ಮಲಗಿಸುತ್ತಾಳೆ ಅಂದೆ. ಆಟ ಆಡಿ ಆಡಿ ಕೈ ಎಷ್ಟು ಕುದುರಿದೆಯೆಂದರೆ, ಹತ್ತು ಹೆಜ್ಜೆ ದೂರದಿಂದ ಕತ್ತರಿ ಎಸೆದು ನೊಣದ ಎಡಮೀಸೆ ಹಾರಿಸಿದಳು, ಆ ನೊಣ ತೂಕ ತಪ್ಪಿ ಸಾಯುವ ತನಕ ಬಲಕ್ಕೇ ಸುತ್ತುತ್ತಿತ್ತು ಅಂದೆ. ಬಸ್ ಡ್ರೈವರು ನಗುತ್ತಾ ಕುರ್ಚಿಯಿಂದ ಜಾರಿದರು. ನಿವೃತ್ತ ಮೇಷ್ಟ್ರು ಎರಡು ಸಲ ಹೇಳಿಸಿಕೊಂಡರು. ಒಂದು ವಾರದಲ್ಲಿ ಬೀದಿಗೆಲ್ಲ ಗೊತ್ತಾಯಿತು.

ಆಮೇಲೊಂದು ಸಂಜೆ ಗಡಿಯಾರದವನು ತಂಗಿಯ ಹೊಲಿಗೆ ಕೋಣೆಗೆ ನುಗ್ಗಿದ. ಅವಳು ಬಾಗಿಲಿಗೆ ಹೊಲಿಗೆ ಮಿಷನ್ನನ್ನೇ ಅಡ್ಡ ಇಟ್ಟಿದ್ದಳು. ಅವನು ಅದನ್ನು ಒದ್ದು ಒಳಗೆ ಬಿದ್ದ. ಅವಳು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈಯಲ್ಲಿ ಕತ್ತರಿಯನ್ನು ಬಾಗಿಲಿನ ಕಡೆ ಹಿಡಿದಿದ್ದಳು. ಕೂತಲ್ಲಿಂದ ಅಲುಗಲಿಲ್ಲ. ಬಂದವನು ಅವನೇ. ಬಲಗಣ್ಣು ಹೋಯಿತು.

ಪೊಲೀಸರು ಕತ್ತರಿಯನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು ಹೋದರು. ಮೊಬೈಲಿಗೆ ಮಾತ್ರ ಬಟ್ಟೆಯ ಚೀಲ ಹೊಲಿಸಿ ಅರಗಿನ ಮುದ್ರೆ ಒತ್ತಿದರು. ಆಟವೇ ಅವಳಿಗೆ ಕೊಲ್ಲುವುದನ್ನು ಕಲಿಸಿತು ಎಂದು ಎದುರು ವಕೀಲರು ವಾದಿಸಿದರು. ಸಾಕ್ಷಿಗೆ ಬಸ್ ಡ್ರೈವರು ಬಂದರು, ಮೇಷ್ಟ್ರು ಬಂದರು. ಒಬ್ಬರೂ ಸುಳ್ಳು ಹೇಳಲಿಲ್ಲ. ನಾನು ಹೇಳಿದ್ದನ್ನೇ ಹೇಳಿದರು.

ನನ್ನ ಸರದಿ ಬಂತು. ಜನ್ಮದಲ್ಲಿ ಮೊದಲ ಸಲ ಉಪ್ಪು ಖಾರ ಹಾಕದೆ ಮಾತಾಡಿದೆ. ಚಿಲಕ ಬಿಚ್ಚಿದ್ದು, ನಾಲ್ಕು ಬೆರಳು, ಆಟದಲ್ಲಿ ಅವಳು ಕೂರುತ್ತಿದ್ದ ಮೂಲೆ, ಎಲ್ಲ ಹೇಳಿದೆ.

ವಕೀಲರು ಕಾಗದ ನೋಡುತ್ತಲೇ, "ನೊಣದ ಮೀಸೆ ವಿಷಯ ಎಷ್ಟು ಜನಕ್ಕೆ ಹೇಳಿದ್ರಿ?" ಎಂದು ಕೇಳಿದರು.

"ಬಂದೋರಿಗೆಲ್ಲ."

"ಈ ಬೆರಳಿನ ಗುರುತಿನ ವಿಷಯ?"

ಮೂವತ್ತು ವರ್ಷ ಒಂದು ನಿಮಿಷವೂ ಬಾಯಿ ಮುಚ್ಚದ ಮನುಷ್ಯ ನಾನು. ಅದೊಂದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಹಾಗೆಂದೇ ಹೇಳಿದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ನನ್ನ ಕಥೆಗೆ ಯಾವಾಗಲೂ ನಗುವ ಜನವೇ. ನ್ಯಾಯಾಧೀಶರು ಮೇಜು ಕುಟ್ಟಿದರು. ತಂಗಿಯೂ ಸ್ವಲ್ಪ ನಕ್ಕಳು, ನನಗೆ ಅವಮಾನ ಆಗದಿರಲಿ ಅಂತ.

ಆರು ವರ್ಷ ಕೊಟ್ಟರು.

ಮೊದಲ ಸಲ ನೋಡಲು ಹೋದಾಗ ಊಟ ಹೇಗಿದೆ ಎಂದು ಕೇಳಿದೆ. ಪರವಾಗಿಲ್ಲ ಅಂದಳು. ನಿದ್ದೆ ಬರುತ್ತದೆಯಾ ಎಂದು ಕೇಳಿದೆ.

"ಚೆನ್ನಾಗಿ ಬರುತ್ತೆ ಅಣ್ಣ. ಇಲ್ಲಿ ಬಾಗಿಲು ಮುಚ್ಚುತ್ತೆ."

ಮೊನ್ನೆ ಭಾನುವಾರ ಗಡಿಯಾರದವನು ಅಂಗಡಿಗೆ ಬಂದ. ಹದಿನೈದು ದಿನಕ್ಕೊಮ್ಮೆ ಬರುವುದು ಅವನ ವಾಡಿಕೆ. ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿದ್ದ. ಬೆಂಚಿನಲ್ಲಿದ್ದ ಡ್ರೈವರು ಎದ್ದು ತಮ್ಮ ಸರದಿ ಬಿಟ್ಟುಕೊಟ್ಟರು. ಅವನು ಕುರ್ಚಿಯಲ್ಲಿ ಕೂತು, ತಲೆಯನ್ನು ಹಿಂದಕ್ಕೆ ಚೆಲ್ಲಿ, ಗಂಟಲು ಕೊಟ್ಟ. ನಾನು ನೊರೆ ಹಚ್ಚಿ ಕತ್ತಿ ತೆಗೆದೆ.

ಕತ್ತಿ ಅವನ ಗಂಟಲ ಗಂಟಿನ ಮೇಲಿರುವಾಗ ಡ್ರೈವರು ಮರುಕದಿಂದ ಕೇಳಿದರು: "ಅಲ್ಲಪ್ಪ, ಆ ಆಟ ಆಡಿದ್ರೆ ನಿಜವಾಗ್ಲೂ ಮನುಷ್ಯರಿಗೆ ಹಂಗೆಲ್ಲ ಮಾಡೋಣ ಅನ್ಸುತ್ತಾ?"

ನಾನು ಹುಟ್ಟಿದಾಗಿನಿಂದ ಒಂದು ಆಟವನ್ನೂ ಆಡಿದವನಲ್ಲ. ಹಾಗಾಗಿ ಉತ್ತರ ನನಗೆ ಆ ಕ್ಷಣದಲ್ಲಿ ಚೆನ್ನಾಗಿ ಗೊತ್ತಿತ್ತು. ಗಂಟು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ನಾನು ಕತ್ತಿಯನ್ನು ಗದ್ದದವರೆಗೆ ಎಳೆದೆ. ಒಂದು ಗೀರೂ ಬೀಳದಂತೆ, ನುಣ್ಣಗೆ.

"ಆಯ್ತು ಭಾವ," ಅಂದೆ, ಟವೆಲು ಕೊಡವಿದೆ.

ಅವನು ಕನ್ನಡಿಯಲ್ಲಿ ಕೆನ್ನೆ ಸವರಿಕೊಂಡು ಹೋದ. ಡ್ರೈವರು ಕುರ್ಚಿಗೆ ಬಂದು ಕೂತು, ಬಹಳ ದಿನ ಆಯ್ತು, ಏನಾದರೂ ಹೇಳು ಎಂದರು.